ವಾಕರ್ ಎಂಬ ಅಡ್ಡಹೆಸರು

ಜಾನಿ ವಾಕರ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಓದುಗರಲ್ಲಿ ಬಹುಮಂದಿಗೆ ಹಿಂದೀ ಚಿತ್ರಗಳ ಹಾಸ್ಯನಟ ನೆನಪಾಗುತ್ತಾರೆ. ಇನ್ನು ಕೆಲವರಿಗೆ—ಅವರು ಯಾರೆಂದು ಕೇಳುವುದು ಸಭ್ಯತೆಯಲ್ಲ—ಒಂದು ಸೀಸೆ ನೆನಪಾಗುತ್ತದೆ. ಎರಡಕ್ಕೂ ನಂಟುಂಟು. ಇಂದೂರಿನಲ್ಲಿ ಗಿರಣಿ ಕೆಲಸಗಾರರೊಬ್ಬರ ಮಗನಾಗಿ ಹುಟ್ಟಿ, ಮುಂಬಯಿಗೆ ಬಂದು ಬಸ್ ಕಂಡಕ್ಟರಾಗಿದ್ದ ಬದ್ರುದ್ದೀನ್ ಕಾಜಿಯವರ ಕುಡುಕನ ಅಭಿನಯವನ್ನು ಕಂಡು ಮೆಚ್ಚಿದ ಗುರುದತ್ತರು ಅವರಿಗೆ ಆ ಸ್ಕಾಟಿಷ್ ಮದ್ಯದ ಹೆಸರನ್ನೇ ಇಟ್ಟರು. ೨೦೦೩ರಲ್ಲಿ ತೀರಿಕೊಳ್ಳುವವರೆಗೂ ಲೋಕ ಅವರನ್ನು ಬಲ್ಲದ್ದು ಆ ಹೆಸರಿನಿಂದಲೇ. ಮದ್ಯಕ್ಕೆ ಆ ಹೆಸರು ಬಂದದ್ದು ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಎಂಬ ಊರಿನಲ್ಲಿ ೧೮೨೦ರಲ್ಲಿ ದಿನಸಿ ಅಂಗಡಿ ತೆರೆದ ಜಾನ್ ವಾಕರ್ ಎಂಬ ಹುಡುಗನಿಂದ. ಹುಡುಗನಿಗೆ ಬಂದದ್ದು ತಂದೆಯಿಂದ. ತಂದೆಗೆ ಅವನ ತಂದೆಯಿಂದ. ಹೀಗೆ ಹಿಂದುಹಿಂದಕ್ಕೆ ಹೋದರೆ ಕೊನೆಗೆ ಸಿಕ್ಕುವವನು ಯಾರು?

ಸೀಸೆಯ ಮೇಲಿನ ಚಿತ್ರವನ್ನು ನೋಡಿದವರಿಗೆ ಉತ್ತರ ಸುಲಭವೆಂದು ತೋರುತ್ತದೆ. ಎತ್ತರದ ಟೋಪಿ, ಕೆಂಪು ಕೋಟು, ಕೈಯಲ್ಲಿ ಬೆತ್ತ, ಕಾಲಲ್ಲಿ ಬೂಟು. ಒಬ್ಬ ದೊಡ್ಡಮನುಷ್ಯ ಉದ್ದುದ್ದ ಹೆಜ್ಜೆ ಹಾಕುತ್ತ ಸಾಗಿದ್ದಾನೆ. ಇದನ್ನು ೧೯೦೮ರಲ್ಲಿ ಬರೆದುಕೊಟ್ಟವನು ಟಾಮ್ ಬ್ರೌನ್ ಎಂಬ ವ್ಯಂಗ್ಯಚಿತ್ರಕಾರ. ‘ವಾಕ್’ ಎಂದರೆ ನಡೆ. ‘ವಾಕರ್’ ಎಂದರೆ ನಡೆಯುವವನು. ಮಾಧ್ಯಮಿಕ ಶಾಲೆಯ ಹುಡುಗನೂ ಹೀಗೆಯೇ ಅರ್ಥ ಹೇಳಿಯಾನು. ಅರಣ್ಯದ ಕಾವಲಿಗಾಗಿ ನಡೆದು ತಿರುಗುತ್ತಿದ್ದ ಅಧಿಕಾರಿಯ ಹೆಸರಿದು ಎಂದು ಬರೆದ ಹಳೆಯ ಇಂಗ್ಲಿಷ್ ಪುಸ್ತಕಗಳೂ ಇವೆ. ಅಡ್ಡಹೆಸರುಗಳ ಚರಿತ್ರೆಯನ್ನು ತೆರಿಗೆ ಪಟ್ಟಿಗಳಿಂದಲೂ ಹಳೆಯ ಭಾಷೆಯಿಂದಲೂ ಹೆಕ್ಕಿ ತೆಗೆದವರು ಹೇಳುವುದು ಬೇರೆ. ಸಾಮಾನ್ಯವಾಗಿ ಮೊದಲ ವಾಕರ್ ಎಲ್ಲಿಗೂ ಹೋದವನಲ್ಲ. ಅವನು ನಿಂತಲ್ಲಿಯೇ ನಡೆದವನು—ಒಂದು ತೊಟ್ಟಿಯೊಳಗೆ, ನಾರುವ ನೀರಿನಲ್ಲಿ, ಬರಿಗಾಲಲ್ಲಿ, ದಿನವೆಲ್ಲ. ಅವನ ಕಾಲ ಕೆಳಗಿದ್ದದ್ದು ದಾರಿಯಲ್ಲ, ಉಣ್ಣೆಯ ಬಟ್ಟೆ.

ಈ ಹೆಸರಿನ ಕಥೆಯನ್ನು ಹೇಳುವ ಮೊದಲು ಇಂಗ್ಲಿಷರಿಗೆ ಅಡ್ಡಹೆಸರು ಹೇಗೆ ಬಂತೆಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಅದು ಅವರಿಗೆ ಆದಿಯಿಂದ ಇದ್ದ ಆಸ್ತಿಯೇನಲ್ಲ. ೧೦೬೬ರಲ್ಲಿ ನಾರ್ಮನ್ನರು ಬಂದು ದೇಶವನ್ನು ಗೆಲ್ಲುವ ಮುಂಚೆ ಅಲ್ಲಿನ ಸಾಮಾನ್ಯ ರೈತನಿಗೆ ಒಂದೇ ಹೆಸರು. ಅದು ಅವನೊಡನೆಯೇ ಮಣ್ಣು ಸೇರುತ್ತಿತ್ತು. ನಾರ್ಮನ್ ಸರದಾರರು ತಮ್ಮ ಜಹಗೀರಿನ ಹೆಸರನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಬಿಟ್ಟುಹೋಗುವ ವಾಡಿಕೆಯನ್ನು ತಂದರು. ಅದು ಮಹಡಿಯಿಂದ ಗುಡಿಸಲಿಗೆ ಇಳಿಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು. ದಕ್ಷಿಣ ಇಂಗ್ಲೆಂಡಿನಲ್ಲಿ ಹದಿನಾಲ್ಕನೆಯ ಶತಮಾನದ ಕೊನೆಗೆ ಅಡ್ಡಹೆಸರು ಬಹುಮಟ್ಟಿಗೆ ನೆಲೆನಿಂತಿತು. ಉತ್ತರದಲ್ಲಿ ಇನ್ನೂ ತಡವಾಯಿತು.

ನಾರ್ಮನ್ನರೊಡನೆ ಇನ್ನೊಂದು ಬದಲಾವಣೆಯೂ ಬಂತು. ಹಳೆಯ ಸ್ಯಾಕ್ಸನ್ ಹೆಸರುಗಳು ಹಿಂದೆ ಸರಿದು ಊರೆಲ್ಲ ಜಾನ್, ವಿಲಿಯಮ್, ಥಾಮಸ್, ರಿಚರ್ಡ್, ರಾಬರ್ಟ್‌ಗಳೇ ತುಂಬಿಕೊಂಡರು. ಹದಿನಾಲ್ಕನೆಯ ಶತಮಾನದಲ್ಲಿ ಗಂಡಸರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ಈ ಐದು ಹೆಸರುಗಳಲ್ಲೇ ಅಡಗಿದ್ದರು. ಒಂದು ಹಳ್ಳಿಯಲ್ಲಿ ಹತ್ತು ಮಂದಿ ಜಾನ್‌ಗಳಿದ್ದರೆ ಕೂಗಿ ಕರೆಯುವವರ ಗತಿಯೇನು? ಅದಕ್ಕೆ ನಾಲ್ಕು ಉಪಾಯ ಹುಟ್ಟಿದವು. ತಂದೆಯ ಹೆಸರು ಹಚ್ಚಿದರೆ ಜಾನ್‌ಸನ್ನು. ಇರುವ ಎಡೆಯನ್ನು ಹಚ್ಚಿದರೆ ಹಿಲ್ಲು, ವುಡ್ಡು. ಮೈಬಣ್ಣ, ಎತ್ತರಗಳನ್ನು ಹಿಡಿದು ಕರೆದರೆ ಬ್ರೌನು, ಲಾಂಗು. ಕಸುಬನ್ನು ಹೇಳಿದರೆ ಸ್ಮಿತ್, ಟೇಲರ್, ಬೇಕರ್. ನಮ್ಮ ಉತ್ತರ ಕರ್ನಾಟಕದ ಬಡಿಗೇರ, ಕಮ್ಮಾರ, ಪತ್ತಾರರನ್ನು ಬಲ್ಲ ಓದುಗರಿಗೆ ಈ ನಾಲ್ಕನೆಯ ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಕರ್ ಈ ಗುಂಪಿಗೆ ಸೇರಿದ್ದು.

ಬಾಯಲ್ಲಿದ್ದ ಹೆಸರು ಕಾಗದಕ್ಕೆ ಇಳಿದದ್ದರಲ್ಲಿ ತೆರಿಗೆಯ ಪಾಲು ದೊಡ್ಡದು. ಫ್ರಾನ್ಸಿನೊಡನೆ ಯುದ್ಧ ನಡೆದಿತ್ತು, ಬೊಕ್ಕಸ ಬರಿದಾಗಿತ್ತು. ೧೩೭೭ರಲ್ಲಿ ಹದಿನಾಲ್ಕು ವರ್ಷ ಮೀರಿದ ಪ್ರತಿಯೊಂದು ತಲೆಗೂ ನಾಲ್ಕು ಪೆನ್ನಿಯಂತೆ ತೆರಿಗೆ ಬಿತ್ತು. ವಿನಾಯಿತಿ ದೊರೆತದ್ದು ಭಿಕ್ಷುಕರಿಗೆ. ೧೩೭೯ರಲ್ಲಿ ಮತ್ತೆ ಬಿತ್ತು. ೧೩೮೧ರಲ್ಲಿ ಮೂರನೆಯ ಸಲ, ತಲೆಗೆ ಹನ್ನೆರಡು ಪೆನ್ನಿ. ಹಳ್ಳಿಹಳ್ಳಿಯಲ್ಲಿಯೂ ಅಲ್ಲಿನ ಶಾನುಭೋಗರು ಕುಳಿತು ಜನರ ಹೆಸರನ್ನು ಬರೆದರು. ೧೩೭೯ರ ಯಾರ್ಕ್‌ಷೈರಿನ ಪಟ್ಟಿಗಳಲ್ಲಿ ಕೆಲವರ ಹೆಸರಿನ ಮುಂದೆ ಕಸುಬನ್ನೂ ನಮೂದಿಸಿದ್ದಾರೆ. ಆ ಕಾಲದ ಪಟ್ಟಿಗಳಲ್ಲಿ ಹೆಸರೂ ಕಸುಬೂ ಒಂದೇ ಆಗಿರುವವರು ಸಿಕ್ಕುತ್ತಾರೆ. ಹೆಸರು ಒಂದು, ಕಸುಬು ಇನ್ನೊಂದು ಆದವರೂ ಸಿಕ್ಕುತ್ತಾರೆ. ಕಸುಬಿನಿಂದ ಹುಟ್ಟಿದ ಹೆಸರು ಕಸುಬನ್ನು ಬಿಟ್ಟು ಹೊರಡುತ್ತಿರುವ ಗಳಿಗೆಯನ್ನು ಆ ಪಟ್ಟಿಗಳು ಹಿಡಿದಿಟ್ಟಿವೆ.

ಆ ಕಸುಬು ಯಾವುದು? ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಜಾಳುಜಾಳಾಗಿರುತ್ತದೆ. ಬೆಳಕಿಗೆ ಹಿಡಿದರೆ ಆಚೆಯದು ಕಾಣುತ್ತದೆ. ಕುರಿಯ ಮೈಯ ಜಿಡ್ಡು, ನೂಲುವಾಗ ಹಚ್ಚಿದ ಎಣ್ಣೆ ಬೆಣ್ಣೆಗಳು ಅದರಲ್ಲಿ ಮೆತ್ತಿಕೊಂಡಿರುತ್ತವೆ. ಇಂಗ್ಲೆಂಡಿನ ಮಳೆಗೆ, ಚಳಿಗೆ ಅಂಥ ಬಟ್ಟೆ ತಡೆಯದು. ಅದನ್ನು ತೊಟ್ಟಿಯಲ್ಲಿ ಹಾಕಿ, ನೀರು ಹೊಯ್ದು, ಗಂಟೆಗಟ್ಟಲೆ ತುಳಿಯಬೇಕು. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಸಣ್ಣ ಹುರುಪೆಗಳಿವೆ. ಒದ್ದೆಯಾಗಿ, ಬೆಚ್ಚಗಾಗಿ, ಒತ್ತಡಕ್ಕೆ ಸಿಕ್ಕಿದಾಗ ಅವು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಬಟ್ಟೆ ಕುಗ್ಗುತ್ತದೆ, ದಪ್ಪವಾಗುತ್ತದೆ, ನೇಯ್ಗೆಯ ಗೆರೆಗಳೇ ಕಾಣದಷ್ಟು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಬಯಲಿನಲ್ಲಿ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ಎಳೆದು ಬಿಗಿದು ಒಣಗಿಸುತ್ತಿದ್ದರು. ಏನಾಗುವುದೋ ಎಂದು ಜೀವ ಬಿಗಿಹಿಡಿದು ಕಾಯುವವನನ್ನು ಇಂಗ್ಲಿಷರು ಇಂದಿಗೂ ಆ ಕೊಕ್ಕೆಗಳ ಮೇಲೆ ಇರುವವನೆಂದೇ ಹೇಳುತ್ತಾರೆ.

ಜಿಡ್ಡನ್ನು ತೆಗೆಯಲು ಎರಡು ವಸ್ತುಗಳು ಬೇಕಾಗಿದ್ದವು. ಒಂದು, ಎಣ್ಣೆಯನ್ನು ಹೀರಿಕೊಳ್ಳುವ ಒಂದು ಬಗೆಯ ಜೇಡಿಮಣ್ಣು. ಅದು ಸರ್ರೆ ಪ್ರಾಂತದಲ್ಲಿ ಹೇರಳವಾಗಿತ್ತು. ಬಟ್ಟೆಯ ವ್ಯಾಪಾರದಲ್ಲಿ ಅದಕ್ಕೆ ಎಷ್ಟು ಬೆಲೆಯಿತ್ತೆಂದರೆ, ಹದಿನೇಳನೆಯ ಶತಮಾನದಲ್ಲಿ ಅದನ್ನು ಪರದೇಶಕ್ಕೆ ಸಾಗಿಸುವುದನ್ನೇ ನಿಷೇಧಿಸಿದ್ದರು. ನಮ್ಮ ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿ ಆ ಜಾತಿಯ ಮಣ್ಣೇ. ಎರಡನೆಯ ವಸ್ತು ಹಳಸಿದ ಮೂತ್ರ. ಓದುಗರು ಮೂಗು ಮುಚ್ಚಿಕೊಳ್ಳಬೇಕಾಗಿಲ್ಲ. ಅದರೊಳಗಿನ ಅಮೋನಿಯ ಜಿಡ್ಡನ್ನು ಕರಗಿಸುತ್ತದೆ. ಸಾಬೂನು ಅಗ್ಗವಲ್ಲದ ಕಾಲದಲ್ಲಿ ಬಡವನಿಗೂ ಶ್ರೀಮಂತನಿಗೂ ಬಟ್ಟೆ ಶುದ್ಧವಾದದ್ದು ಅದರಿಂದಲೇ. ರೋಮನರ ಕಾಲದಲ್ಲಿಯೂ ಹೀಗೆಯೇ ಇತ್ತು. ಪಾಂಪೇಯಿ ಪಟ್ಟಣ ಬೂದಿಯಲ್ಲಿ ಹೂತುಹೋದಾಗ ಅದರೊಡನೆ ಉಳಿದುಕೊಂಡ ಒಂದು ಕಾರ್ಖಾನೆಯ ವರ್ಣಚಿತ್ರದಲ್ಲಿ, ತೊಟ್ಟಿಗಳಲ್ಲಿ ನಿಂತು ಬಟ್ಟೆ ತುಳಿಯುವವರನ್ನು ಕಾಣಬಹುದು. ವೆಸ್ಪೇಸಿಯನ್ ಚಕ್ರವರ್ತಿ ಸಾರ್ವಜನಿಕ ಮೂತ್ರದ ಮೇಲೆ ತೆರಿಗೆ ಹಾಕಿದ ಕಥೆ ಪ್ರಸಿದ್ಧವಾಗಿದೆ. ಅದನ್ನು ಕೊಳ್ಳುವವರಿದ್ದುದರಿಂದ ತಾನೆ ಅದರ ಮೇಲೆ ತೆರಿಗೆ!

ಬಟ್ಟೆ ತುಳಿಯುವವನನ್ನು ಹಳೆಯ ಇಂಗ್ಲಿಷಿನಲ್ಲಿ ‘ವೆಯಲ್ಕೆರೆ’ ಎನ್ನುತ್ತಿದ್ದರು. ‘ವೆಯಲ್ಕನ್’ ಎಂಬ ಕ್ರಿಯಾಪದಕ್ಕೆ ಆಗ ಹೊರಳಿಸು, ಉರುಳಾಡಿಸು ಎಂಬ ಅರ್ಥವಿತ್ತು. ಅದೇ ಪದಕ್ಕೆ ಕಾಲ್ನಡೆಯಿಂದ ಹೋಗು ಎಂಬ ಅರ್ಥ ಬಂದು ಸೇರಿದ್ದು ನಂತರ. ಹೊಸ ಅರ್ಥ ಬೆಳೆದು ಹಳೆಯದನ್ನು ನುಂಗಿತು. ಈಗ ಇಂಗ್ಲೆಂಡಿನಲ್ಲಿ ವಾಕ್ ಎಂದರೆ ನಡೆಯುವುದು ಮಾತ್ರ. ತುಳಿತದ ಅರ್ಥ ಉಳಿದುಕೊಂಡಿರುವುದು ಅಡ್ಡಹೆಸರಿನಲ್ಲಿ. ಭಾಷೆ ಎಸೆದುಬಿಟ್ಟ ಪದವನ್ನು ಮನೆತನಗಳು ತಮಗೇ ತಿಳಿಯದೆ ಕಾಪಾಡಿಕೊಂಡು ಬಂದಿವೆ.

ಇಲ್ಲೊಂದು ಸ್ವಾರಸ್ಯವಿದೆ. ಈ ಒಂದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲಿಯೂ ನಡುನಾಡಿನಲ್ಲಿಯೂ ವಾಕರ್. ಲಂಡನ್ನಿನ ಸುತ್ತಣ ಆಗ್ನೇಯ ಭಾಗದಲ್ಲಿ, ಸಫಕ್, ಎಸೆಕ್ಸ್, ಕೆಂಟ್, ಸಸೆಕ್ಸ್‌ಗಳಲ್ಲಿ ಫುಲ್ಲರ್. ಇದು ಲ್ಯಾಟಿನ್ನಿನ ‘ಫುಲ್ಲೊ’ ಎಂಬುದರಿಂದ ಬಂದದ್ದು, ನಾರ್ಮನ್ನರ ಫ್ರೆಂಚೂ ಅದಕ್ಕೆ ಒತ್ತಾಸೆಯಾಯಿತು. ನೈರುತ್ಯದ ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್‌ಗಳಲ್ಲಿ ಟಕ್ಕರ್. ಇದರ ಮೂಲಪದದ ಅರ್ಥ ಹಿಂಸಿಸು, ಪೀಡಿಸು ಎಂದು! ಬಟ್ಟೆಯನ್ನು ಹಾಗೆ ತುಳಿದು ಬಡಿಯುವುದನ್ನು ನೋಡಿದವರಿಗೆ ಆ ಮಾತು ತಕ್ಕುದೆಂದೇ ತೋರಿರಬೇಕು. ಎಕ್ಸಿಟರ್ ನಗರದಲ್ಲಿ ೧೪೭೧ರಲ್ಲಿ ಈ ಕಸುಬಿನವರೂ ನೇಕಾರರೂ ಕೂಡಿ ಕಟ್ಟಿದ ಮಂದಿರಕ್ಕೆ ಇಂದಿಗೂ ಟಕ್ಕರರ ಭವನವೆಂದೇ ಹೆಸರು. ಲಂಡನ್ನಿನ ಫುಲ್ಲರರ ಸಂಘ ೧೫೨೮ರಲ್ಲಿ ಬಟ್ಟೆ ಕತ್ತರಿಸುವವರ ಸಂಘದೊಡನೆ ಬೆರೆತು ಕ್ಲಾತ್‌ವರ್ಕರ್ಸ್ ಕಂಪನಿಯಾಯಿತು.

ಆದ್ದರಿಂದ ಅಪರಿಚಿತನಾದ ಇಂಗ್ಲಿಷನೊಬ್ಬ ತನ್ನ ಹೆಸರು ಟಕ್ಕರ್ ಎಂದರೆ, ಅವನ ಪೂರ್ವಿಕರು ಡೆವನ್ ಕಡೆಯವರಿರಬಹುದೆಂದು ನೀವು ಊಹಿಸಬಹುದು. ವಾಕರ್ ಎಂದರೆ ಯಾರ್ಕ್‌ಷೈರ್, ಲ್ಯಾಂಕಷೈರ್ ಕಡೆಗೆ ಕೈತೋರಿಸಬಹುದು. ಬಾಂಧವ್ಯ ಇಂಗ್ಲೆಂಡಿನ ಗಡಿಗೇ ನಿಲ್ಲುವುದಿಲ್ಲ. ಜರ್ಮನರಲ್ಲಿಯೂ ವಾಕರ್ ಎಂದೇ ಬರೆಯುವ ಅಡ್ಡಹೆಸರಿದೆ, ಅರ್ಥವೂ ಅದೇ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ‘ಬಟ್ಟೆ ತುಳಿಯುವವನ ಮಗ’ ಎಂಬ ಹೆಸರಿದ್ದ ಮನೆತನಗಳು ಇಂಗ್ಲಿಷಿನ ಪ್ರಭಾವ ಬಂದಾಗ ವಾಕರ್ ಆದವು. ವೇಲ್ಸಿನಲ್ಲಿ ಈ ಕೆಲಸದ ಗಿರಣಿಗೆ ‘ಪಂಡಿ’ ಎನ್ನುತ್ತಾರೆ. ಕಲ್ಲಿದ್ದಲ ಗಣಿಗಾರರ ಹೋರಾಟದಿಂದ ಹೆಸರಾದ ಟೋನಿಪಂಡಿ ಎಂಬ ಊರಿನ ಹೆಸರಿನಲ್ಲಿ ಆ ಗಿರಣಿ ಅಡಗಿದೆ.

ಗಿರಣಿ ಎಂದೆನಷ್ಟೆ. ಈ ಅಡ್ಡಹೆಸರುಗಳು ಇನ್ನೂ ಗಟ್ಟಿಯಾಗುವ ಮುಂಚೆಯೇ ಕಾಲಿನ ಕೆಲಸಕ್ಕೆ ಪ್ರತಿಸ್ಪರ್ಧಿ ಬಂದಿತ್ತು. ಹೊಳೆಯ ನೀರಿನಿಂದ ಚಕ್ರ ತಿರುಗಿ, ಚಕ್ರದ ಅಚ್ಚು ಮರದ ಭಾರಿ ಕೊಡತಿಗಳನ್ನು ಎತ್ತಿ ಎತ್ತಿ ಬಟ್ಟೆಯ ಮೇಲೆ ಬೀಳಿಸುವ ಯಂತ್ರ ಅದು. ೧೧೮೫ರಲ್ಲಿ ಟೆಂಪ್ಲರ್ ಎಂಬ ಧರ್ಮಯೋಧರ ಆಸ್ತಿಯ ಪಟ್ಟಿ ಮಾಡಿದಾಗ ಅಂಥ ಗಿರಣಿಗಳು ಇಂಗ್ಲೆಂಡಿನ ದಾಖಲೆಯಲ್ಲಿ ಕಾಣಿಸಿಕೊಂಡವು. ಮುಂದಿನ ನೂರು ವರ್ಷಗಳಲ್ಲಿ ಅವು ಹರಿಯುವ ಹೊಳೆಗಳನ್ನು ಹುಡುಕಿಕೊಂಡು ಹಬ್ಬಿದವು. ಎಲಿನರ್ ಕಾರಸ್ ವಿಲ್ಸನ್ ಎಂಬ ವಿದುಷಿ ೧೯೪೧ರಲ್ಲಿ ಬರೆದ ಒಂದು ಲೇಖನದಲ್ಲಿ ಇದನ್ನು ಹದಿಮೂರನೆಯ ಶತಮಾನದ ಕೈಗಾರಿಕಾ ಕ್ರಾಂತಿಯೆಂದೇ ಕರೆದರು. ಅಷ್ಟು ದೊಡ್ಡ ಹೆಸರು ಅದಕ್ಕೆ ಸಲ್ಲುವುದೇ ಎಂದು ನಂತರದ ವಿದ್ವಾಂಸರು ವಾದಿಸಿದ್ದಾರೆ. ಅಂತೂ ಮನುಷ್ಯನ ಕಾಲು ಮಾಡುತ್ತಿದ್ದುದನ್ನು ನೀರು ಮಾಡತೊಡಗಿತು.

ಯಂತ್ರವೊಂದೇ ಬಂದಿದ್ದರೆ ಜನ ಸಂತೋಷಪಡುತ್ತಿದ್ದರೋ ಏನೋ. ಅದರೊಡನೆ ಯಜಮಾನನೂ ಬಂದ. ಗಿರಣಿ ಕಟ್ಟಿಸಿದ ಜಮೀನುದಾರ ತನ್ನ ಒಕ್ಕಲೆಲ್ಲ ಅಲ್ಲಿಗೇ ಬಟ್ಟೆ ತರಬೇಕು, ಹಣ ತೆರಬೇಕು ಎಂದು ವಿಧಿಸಿದ. ಸೇಂಟ್ ಆಲ್ಬನ್ಸ್ ಪಟ್ಟಣದ ಒಡೆಯರು ಅಲ್ಲಿನ ಮಠದವರು. ಪಟ್ಟಣಿಗರು ಮನೆಯಲ್ಲೇ ಬಟ್ಟೆ ತುಳಿಯುತ್ತಿದ್ದರು, ಕೈಬೀಸುಕಲ್ಲಿನಲ್ಲೇ ಹಿಟ್ಟು ಬೀಸುತ್ತಿದ್ದರು. ಎರಡಕ್ಕೂ ಮಠದ ಗಿರಣಿಗೇ ಬರಬೇಕೆಂದು ೧೨೭೪ರಲ್ಲಿ ಜಗಳ ಹತ್ತಿತು; ನ್ಯಾಯಸ್ಥಾನದಲ್ಲಿ ಗೆದ್ದದ್ದು ಮಠ. ೧೩೩೧ರ ಹೊತ್ತಿಗೆ ಮಠಾಧಿಪತಿ ರಿಚರ್ಡ್ ಜನರ ಬೀಸುಕಲ್ಲುಗಳನ್ನು ಕಿತ್ತುಕೊಂಡು ತನ್ನ ಮಠದ ಮಾತುಕತೆಯ ಕೋಣೆಗೆ ನೆಲಗಟ್ಟಾಗಿ ಹಾಸಿಸಿದ. ಈತ ಅದ್ಭುತವಾದ ಗಡಿಯಾರವನ್ನು ರಚಿಸಿದ ಖಗೋಳಜ್ಞನೂ ಹೌದು! ಐವತ್ತು ವರ್ಷ ಆ ಕಲ್ಲುಗಳು ಸನ್ಯಾಸಿಗಳ ಕಾಲಡಿಯಲ್ಲಿದ್ದವು.

ನಾನು ಮೇಲೆ ಹೇಳಿದ ತಲೆಗಂದಾಯ ೧೩೮೧ರಲ್ಲಿ ಮೂರನೆಯ ಸಲ ಬಿದ್ದಾಗ ಇಂಗ್ಲೆಂಡಿನ ರೈತರು ದಂಗೆಯೆದ್ದರು. ಅವರ ನಾಯಕ ವಾಟ್ ಟೈಲರ್. ಅವನದೂ ಕಸುಬಿನ ಹೆಸರೇ, ಹೆಂಚು ಹೊದಿಸುವವನೆಂದು ಅರ್ಥ. ಸೇಂಟ್ ಆಲ್ಬನ್ಸಿನ ಜನ ಮಠಕ್ಕೆ ನುಗ್ಗಿ, ನೆಲವನ್ನು ಅಗೆದು, ತಮ್ಮ ಅಜ್ಜಂದಿರ ಬೀಸುಕಲ್ಲುಗಳನ್ನು ಹೊರತೆಗೆದು, ಚೂರುಚೂರು ಮಾಡಿ ಪ್ರಸಾದದಂತೆ ಹಂಚಿಕೊಂಡರೆಂದು ಅದೇ ಮಠದ ಚರಿತ್ರಕಾರ ಬರೆದಿಟ್ಟಿದ್ದಾನೆ. ದಂಗೆ ಅಡಗಿತು, ನಾಯಕರು ಸತ್ತರು. ಜನರನ್ನು ರೊಚ್ಚಿಗೆಬ್ಬಿಸಿದ ಆ ತೆರಿಗೆಯ ಪಟ್ಟಿಗಳು ಮಾತ್ರ ಉಳಿದವು. ಇಂದು ಇಂಗ್ಲಿಷರು ತಮ್ಮ ಮನೆತನದ ಮೂಲವನ್ನು ಹುಡುಕುವುದು ಅವುಗಳಲ್ಲಿ.

ಇದಾದ ಮೇಲೆ ಹೆಸರೂ ಕಸುಬೂ ಬೇರೆಬೇರೆ ದಾರಿ ಹಿಡಿದವು. ೧೪೧೩ರಲ್ಲಿ ಹೊರಟ ಒಂದು ಶಾಸನದ ಪ್ರಕಾರ ನ್ಯಾಯಸ್ಥಾನದ ಕಾಗದಗಳಲ್ಲಿ ಆಪಾದಿತನ ಹೆಸರಿನ ಜೊತೆಗೆ ಅವನ ಅಂತಸ್ತು ಅಥವಾ ಕಸುಬನ್ನೂ ಊರನ್ನೂ ಬರೆಯಬೇಕಾಯಿತು. ಕಸುಬನ್ನು ಬೇರೆಯಾಗಿ ಬರೆಯಬೇಕೆಂದರೆ, ಹೆಸರನ್ನು ನೋಡಿ ಕಸುಬನ್ನು ಹೇಳುವ ಕಾಲ ಮುಗಿಯುತ್ತ ಬಂದಿತ್ತೆಂದಲ್ಲವೆ? ೧೫೩೮ರಲ್ಲಿ ಥಾಮಸ್ ಕ್ರಾಮ್‌ವೆಲ್ಲನ ಆಜ್ಞೆಯಂತೆ ಪ್ರತಿಯೊಂದು ಚರ್ಚಿನಲ್ಲಿಯೂ ನಾಮಕರಣ, ಮದುವೆ, ಸಾವುಗಳ ಪುಸ್ತಕ ಇಡತೊಡಗಿದರು. ಒಮ್ಮೆ ಆ ಪುಸ್ತಕ ಸೇರಿದ ಮೇಲೆ ವಾಕರನ ಮಗ ಕಟುಕನಾದರೂ ವಾಕರ್, ಪಾದ್ರಿಯಾದರೂ ವಾಕರ್. ೧೮೩೩ರಲ್ಲಿ ಟ್ರೋಬ್ರಿಜ್ ಎಂಬ ಊರಿನಲ್ಲಿ ಹಳೆಯ ಕೊಡತಿಗಳನ್ನು ಮೂಲೆಗೊತ್ತುವ ಹೊಸ ಯಂತ್ರ ಹುಟ್ಟಿತು. ಅದನ್ನು ಮಾಡಿದವನ ಹೆಸರು ಜಾನ್ ಡೈಯರ್—ಅಂದರೆ ಬಣ್ಣ ಹಾಕುವವನು!

ಈ ಕಥೆಯಲ್ಲಿ ಹೆಂಗಸರು ಎಲ್ಲಿ ಹೋದರೆಂದು ಓದುಗಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ೧೭೭೨ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳನ್ನು ಸುತ್ತಿದ ಥಾಮಸ್ ಪೆನ್ನಂಟ್ ತನ್ನ ಪ್ರವಾಸಗ್ರಂಥದಲ್ಲಿ ಒಂದು ಚಿತ್ರವನ್ನು ಅಚ್ಚುಹಾಕಿಸಿದ್ದಾನೆ. ಅದರಲ್ಲಿ ಸಾಲಾಗಿ ಕುಳಿತ ಹೆಂಗಸರು ಉಣ್ಣೆಬಟ್ಟೆಯನ್ನು ಕಾಲುಗಳಿಂದ ತುಳಿಯುತ್ತಿದ್ದಾರೆ. ಆ ದ್ವೀಪಗಳಲ್ಲಿ ಬಟ್ಟೆಯನ್ನು ಹಲಗೆಯ ಮೇಲೆ ಕೈಯಿಂದ ಬಡಿಯುವಾಗ ಹೆಂಗಸರು ಹಾಡುತ್ತಿದ್ದ ಹಾಡುಗಳು ಇಪ್ಪತ್ತನೆಯ ಶತಮಾನದವರೆಗೂ ಉಳಿದಿದ್ದವು. ಜಾನಪದ ಸಂಗ್ರಾಹಕರು ಯಂತ್ರಗಳನ್ನು ಹೊತ್ತು ಹೋಗಿ ಅವನ್ನು ಧ್ವನಿಮುದ್ರಿಸಿಕೊಂಡರು. ನಮ್ಮ ಬೀಸುವ ಪದ, ಕುಟ್ಟುವ ಪದಗಳಂತೆ ಒಬ್ಬಳು ಹೇಳಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ, ಬಡಿತವೇ ತಾಳ. ಈ ಕೆಲಸಕ್ಕೆ ಅಲ್ಲಿನ ಇಂಗ್ಲಿಷಿನಲ್ಲಿ ‘ವಾಕಿಂಗ್’ ಎಂದೇ ಹೆಸರು. ಕಾಗುಣಿತ ಮಾತ್ರ ತುಸು ಬೇರೆ. ಅಡ್ಡಹೆಸರು ತಂದೆಯಿಂದ ಮಗನಿಗೆ ಹೋಗುವಂಥದು. ಹೀಗಾಗಿ ತೆರಿಗೆ ತೆತ್ತ ಗಂಡಸಿನ ಹೆಸರು ಪಟ್ಟಿ ಸೇರಿ ವಂಶವಾಯಿತು. ಮನೆಯ ತೊಟ್ಟಿಯಲ್ಲಿ ತುಳಿದ ಹೆಣ್ಣಿನದು ಹಾಡಾಗಿ ಉಳಿಯಿತು.

ಇನ್ನು ಲೆಕ್ಕಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವೆ ಇಂಗ್ಲೆಂಡಿನ ಜನನ ಮರಣ ನೋಂದಣಿಯ ಇಲಾಖೆಯವರು ತಮ್ಮ ಪುಸ್ತಕಗಳನ್ನು ಆಧರಿಸಿ ಅಡ್ಡಹೆಸರುಗಳ ಒಂದು ಅಂದಾಜು ಮಾಡಿದರು. ಸ್ಮಿತ್ ಮೊದಲನೆಯದು, ಎರಡೂವರೆ ಲಕ್ಷದಷ್ಟು ಮಂದಿ, ಜೋನ್ಸ್ ಎರಡನೆಯದು. ವಾಕರ್ ಮೊದಲ ಇಪ್ಪತ್ತರೊಳಗೆ ಬಂತು. ೧೮೯೦ರಲ್ಲಿ ಹೆನ್ರಿ ಗಪ್ಪಿ ಎಂಬ ವೈದ್ಯ ಇನ್ನೊಂದು ಜಾಣತನದ ದಾರಿ ಹಿಡಿದ. ವ್ಯಾಪಾರಿ ಊರೂರು ಅಲೆಯುತ್ತಾನೆ, ಕೂಲಿ ಕೆಲಸ ಹುಡುಕಿ ಹೋಗುತ್ತಾನೆ, ನೆಲವನ್ನು ಬಿಡದೆ ಕೂರುವವನು ರೈತ. ಆದ್ದರಿಂದ ಆತ ಪ್ರತಿ ಪ್ರಾಂತದ ರೈತರ ಹೆಸರುಗಳನ್ನಷ್ಟೇ ಎಣಿಸಿ, ಯಾವ ಅಡ್ಡಹೆಸರಿನ ತವರು ಯಾವುದೆಂದು ಒಂದು ಗ್ರಂಥವನ್ನೇ ಬರೆದ. ಇದೇ ಗಪ್ಪಿ ಮುಂದೆ ಶಾಂತಸಾಗರದ ದ್ವೀಪಗಳಿಗೆ ಬೀಜಗಳು ತೇಲಿಹೋಗಿ ಬೇರುಬಿಡುವುದನ್ನು ಕುರಿತು ದೊಡ್ಡ ಗ್ರಂಥ ಬರೆದನೆಂಬುದು ಎಷ್ಟು ಸಹಜವಾಗಿದೆ! ಹೆಸರೂ ಬೀಜದಂತೆಯೇ, ಬಿದ್ದ ನೆಲ ಒಪ್ಪಿದರೆ ಹಬ್ಬುತ್ತದೆ.

ಮೂರು ಹೆಸರುಗಳಲ್ಲಿ ವಾಕರ್ ಒಂದೇ ಇಷ್ಟು ಮೇ‌ಲೇರಿದ್ದಕ್ಕೆ ನೆಲವೂ ಒಂದು ಕಾರಣ. ಅದರ ಸೀಮೆ ವಿಸ್ತಾರವಾದದ್ದು. ನಡುನಾಡಿನಿಂದ ಸ್ಕಾಟ್ಲೆಂಡಿನವರೆಗೂ ಅದೇ ಮಾತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಕೈಗಾರಿಕೆ ಬೆಳೆದು ಜನಸಂಖ್ಯೆ ಉಕ್ಕಿದ್ದು ಲ್ಯಾಂಕಷೈರ್, ಯಾರ್ಕ್‌ಷೈರ್ ಮುಂತಾದ ಉತ್ತರದ ನಾಡುಗಳಲ್ಲಿ. ಆ ಹೊತ್ತಿಗೆ ನೈರುತ್ಯದ ಉಣ್ಣೆ ಉದ್ಯಮ ಸೊರಗುತ್ತಿತ್ತು. ಟಕ್ಕರರ ಊರುಗಳು ನಿಂತಲ್ಲೇ ನಿಂತಾಗ ವಾಕರರ ಊರುಗಳು ನಗರಗಳಾದವು.

ಹಾಗಾದರೆ ಲೋಕದ ವಾಕರರೆಲ್ಲ ದಾಯಾದಿಗಳೆ? ಇಲ್ಲ. ಗೋತ್ರದಂತೆ ಒಬ್ಬ ಮೂಲಪುರುಷನಿಂದ ಇಳಿದ ಹೆಸರಲ್ಲ ಇದು. ಬಟ್ಟೆ ತುಳಿಯುವವನಿದ್ದ ಪ್ರತಿಯೊಂದು ಊರಿನಲ್ಲಿಯೂ ಒಂದೊಂದು ವಾಕರ್ ಮನೆತನ ಹುಟ್ಟಬಹುದಿತ್ತು, ಹುಟ್ಟಿತು ಕೂಡ. ಈ ಬಗೆಯ ಪ್ರಶ್ನೆಗೆ ಈಗ ಪ್ರಯೋಗಶಾಲೆಯೂ ಉತ್ತರ ಕೊಡುತ್ತದೆ. ಅಡ್ಡಹೆಸರಿನಂತೆಯೇ ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವನ್ನು ಲೆಸ್ಟರ್ ವಿಶ್ವವಿದ್ಯಾನಿಲಯದ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ಅವರು ೪೦ ಅಡ್ಡಹೆಸರುಗಳ ಸುಮಾರು ೧,೭೦೦ ಗಂಡಸರಲ್ಲಿ ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟಿಸಿದರು. ಅಟೆನ್‌ಬರೋದಂಥ ಅಪರೂಪದ ಹೆಸರಿನವರಲ್ಲಿ ಹತ್ತರಲ್ಲಿ ಒಂಬತ್ತರ ಸಮೀಪ ಮಂದಿಗೆ ಒಂದೇ ಬಗೆಯ ತಂತು. ಅಂದರೆ ಬಹುಶಃ ಒಬ್ಬನೇ ಮೂಲಪುರುಷ. ಸ್ಮಿತ್ ಎಂಬ ಹೆಸರಿನವರಲ್ಲಿಯೋ, ಬೀದಿಯಲ್ಲಿ ಸಿಕ್ಕ ಯಾರೋ ಇಬ್ಬರ ನಡುವೆ ಇರುವುದಕ್ಕಿಂತ ಹೆಚ್ಚಿನ ನಂಟೇನೂ ಕಾಣಲಿಲ್ಲ. ಕಸುಬಿನ ದೊಡ್ಡ ಹೆಸರುಗಳ ಸ್ವಭಾವವೇ ಇದು. ಹೆಸರು ಒಂದು, ರಕ್ತ ನೂರು.

ಅಟ್ಲಾಂಟಿಕ್ ಸಾಗರವನ್ನು ದಾಟಿದರೆ ಈ ಮಾತಿಗೆ ಇನ್ನೊಂದು, ನೋವಿನ, ಅರ್ಥ ಸಿಕ್ಕುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನದ ೨೦೧೦ರ ಜನಗಣತಿಯಲ್ಲಿ ವಾಕರರ ಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿತ್ತು. ಆ ದೇಶದ ಮೊದಲ ಮೂವತ್ತು ಅಡ್ಡಹೆಸರುಗಳಲ್ಲಿ ಅದೊಂದು. ಅವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕರಿಯರು. ಇಡೀ ದೇಶದ ಜನಸಂಖ್ಯೆಯಲ್ಲಿ ಕರಿಯರ ಪಾಲು ಎಂಟರಲ್ಲೊಂದು ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ಗುಲಾಮರಾಗಿದ್ದವರನ್ನು ಅಲ್ಲಿನ ಹಿಂದಿನ ಜನಗಣತಿಗಳು ತಲೆಯೆಣಿಕೆಯಲ್ಲಿ ಸೇರಿಸಿದ್ದವೇ ಹೊರತು ಹೆಸರು ಹಿಡಿದು ಬರೆದಿರಲಿಲ್ಲ. ದಕ್ಷಿಣದ ಕರಿಯರೆಲ್ಲರನ್ನೂ ಹೆಸರು, ಅಡ್ಡಹೆಸರುಗಳೊಡನೆ ಬರೆದ ಮೊದಲ ಗಣತಿ ೧೮೭೦ರದು. ಹಾಗೆ ಬರೆಸಿಕೊಂಡವರಲ್ಲಿ ಕೆಲವರದು ಹಳೆಯ ಯಜಮಾನನ ಅಡ್ಡಹೆಸರು. ಕೆಲವರು ತಾವೇ ಆರಿಸಿಕೊಂಡದ್ದು. ಕೆಲವರು ಗುಲಾಮಗಿರಿಯಲ್ಲಿಯೂ ತಮ್ಮೊಳಗೇ ಗುಟ್ಟಾಗಿ ಇಟ್ಟುಕೊಂಡು ಬಂದದ್ದು.

೧೮೨೯ರಲ್ಲಿ ಬಾಸ್ಟನ್ ನಗರದಲ್ಲಿ ಡೇವಿಡ್ ವಾಕರ್ ಎಂಬ ಕರಿಯ, ಗುಲಾಮಗಿರಿಯ ವಿರುದ್ಧ ಬೆಂಕಿಯಂಥ ಒಂದು ಮನವಿಪತ್ರವನ್ನು ಅಚ್ಚು ಮಾಡಿಸಿದ. ಆತನ ತಂದೆ ಗುಲಾಮ. ತಾಯಿ ಸ್ವತಂತ್ರಳಾದ್ದರಿಂದ ಮಗನೂ ಸ್ವತಂತ್ರನಾಗಿ ಹುಟ್ಟಿದ್ದ. ದಕ್ಷಿಣದ ರಾಜ್ಯಗಳು ಆ ಪುಸ್ತಕಕ್ಕೆ ಬೆದರಿದವು. ಆತನ ಜೀವನೋಪಾಯ ಯಾವುದೆಂದು ಬಲ್ಲಿರಾ? ಹಳೆಯ ಬಟ್ಟೆಗಳ ಅಂಗಡಿ. ದಕ್ಷಿಣಕ್ಕೆ ಹೊರಟ ನಾವಿಕರ ಉಡುಪಿನ ಒಳಪದರಕ್ಕೆ ತನ್ನ ಪುಸ್ತಕವನ್ನು ಹೊಲಿದು ಕಳುಹಿಸುತ್ತಿದ್ದನೆಂದು ಹೇಳುತ್ತಾರೆ. ಯಾರ್ಕ್‌ಷೈರಿನ ತೊಟ್ಟಿಯಲ್ಲಿ ನಿಂತವನಿಗೂ ಆತನಿಗೂ ರಕ್ತಸಂಬಂಧ ಹುಡುಕುವುದು ವ್ಯರ್ಥ. ಬಟ್ಟೆಯ ಸಂಬಂಧವಂತೂ ಇತ್ತು. ನಮ್ಮ ಕಾಲದ ಪ್ರಸಿದ್ಧ ಲೇಖಕಿ, ೧೯೮೩ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಆಲಿಸ್ ವಾಕರ್ ಅವರು ಜಾರ್ಜಿಯ ರಾಜ್ಯದ ಬಡ ಗೇಣಿದಾರರ ಮಗಳು.

ಮನೆತನದ ಹೆಸರೆಂದರೆ ಕುಲೀನತೆಯ ಮುದ್ರೆಯೆಂದು ತಿಳಿಯುವ ಚಾಪಲ್ಯ ಇಂಗ್ಲಿಷರಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ಹಣ ಬಂದ ಮೇಲೆ ವಂಶವೃಕ್ಷ ಬರೆಸಿ, ಬೇರಿನಲ್ಲಿ ಒಬ್ಬ ಸರದಾರನನ್ನು ಕೂರಿಸುವವರಿಗೆ ಎಲ್ಲ ದೇಶಗಳಲ್ಲಿಯೂ ಪಂಡಿತರು ಸಿಕ್ಕುತ್ತಾರೆ. ವಾಕರ್ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಸಿಕ್ಕುವವನು ಸರದಾರನಲ್ಲ. ಊರಿನವರ ಮೂತ್ರವನ್ನು ಕೂಡಿಹಾಕಿ, ಅದರಲ್ಲಿ ನಿಂತು, ಊರಿನವರ ಮೈ ಬೆಚ್ಚಗಿರುವಂತೆ ಬಟ್ಟೆ ತುಳಿದವನು. ಇಂಗ್ಲೆಂಡಿನ ಸಿರಿ ನಿಂತದ್ದು ಉಣ್ಣೆಯ ಮೇಲೆ ಎಂಬುದರ ಗುರುತಾಗಿ ಅಲ್ಲಿನ ಮೇಲ್ಮನೆಯ ಅಧ್ಯಕ್ಷರು ಇಂದಿಗೂ ಉಣ್ಣೆ ತುಂಬಿದ ಕೆಂಪು ಮೆತ್ತೆಯ ಮೇಲೆ ಕುಳಿತುಕೊಳ್ಳುತ್ತಾರೆ. ಆ ಮೆತ್ತೆಯ ಮೇಲೆ ಕುಳಿತವರ ಹೆಸರುಗಳು ಚರಿತ್ರೆಯ ಪುಸ್ತಕಗಳಲ್ಲಿವೆ. ಉಣ್ಣೆಯನ್ನು ತುಳಿದವರ ಹೆಸರಿಗೆ ಪುಸ್ತಕ ಬೇಕಾಗಲಿಲ್ಲ. ದೂರವಾಣಿಯ ಪಟ್ಟಿ ಸಾಕಾಯಿತು. ಇಂಗ್ಲೆಂಡಿನ ಯಾವ ಊರಿನ ಪಟ್ಟಿಯನ್ನು ತೆರೆದರೂ ಕೊನೆಯ ಪುಟಗಳಲ್ಲಿ ಅವರು ಸಾಲಾಗಿ ಸಿಕ್ಕುತ್ತಿದ್ದರು.